ಕೊಡಗಿನ ಕೋವಿ ವಿನಾಯಿತಿ ಮತ್ತು ಅದನ್ನು ಉಳಿಸಿಕೊಳ್ಳುವ ಹೋರಾಟ

ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳಲು ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿ ದೊರೆತಿರುವ ಅವಕಾಶವೇ ಕೋವಿ ವಿನಾಯಿತಿ. ಬಂದೂಕನ್ನು ಕೊಡವ ತಕ್ಕಿನಲ್ಲಿ ತೋಕ್ ಎನ್ನುತ್ತಾರೆ, ಕನ್ನಡದಲ್ಲಿ ಕೋವಿ. ಕರ್ನಾಟಕದಲ್ಲಿ ಬಂದೂಕುದಾರರೇ ಊರೂರಿನಿಂದ ಸೇರಿ, ಶಸ್ತ್ರ ನಿಯಂತ್ರಣ ತಮ್ಮ ಮನೆಬಾಗಿಲಿಗೆ ಬರದಂತೆ ತಡೆಯಲು ನಡೆಸಿದ ದೀರ್ಘ ಪ್ರಯತ್ನ ಇದು. ಮನವಿಪತ್ರ, ಸಮಾಜದ ಸಭೆ, ಹಬ್ಬ, ಹೈಕೋರ್ಟಿನ ವಾದ ಎಲ್ಲವೂ ಇದರಲ್ಲಿ ಸೇರಿವೆ. ಹೋರಾಟಗಾರರ ಮಾತಿನಲ್ಲಿ ಇದು ಹಕ್ಕು, ಸರ್ಕಾರದ ಕಡತದಲ್ಲಿ ಮಾತ್ರ ವಿನಾಯಿತಿ.

ಕೋವಿ ಕೊಡವರ ಮನೆಯಲ್ಲಿ ಗೋಡೆಗೆ ನೇತುಹಾಕಿದ ಬರಿಯ ಆಯುಧವಲ್ಲ. ಗಂಡುಮಗು ಹುಟ್ಟಿದಾಗ ಹರಳುಗಿಡದ ದಂಟಿನಿಂದ ಪುಟ್ಟ ಬಿಲ್ಲುಬಾಣ ಮಾಡಿ ಕೂಸಿನ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಒಂದು ಗುಂಡು ಹಾರಿಸುವುದು ಹಳೆಯ ಕ್ರಮ. ಸಾವಾದರೆ ಎರಡು ಗುಂಡು. ಆ ಸದ್ದು ಕೇಳಿಯೇ ಗುಡ್ಡದಾಚೆಯವರು ಕೆಲಸ ಬಿಟ್ಟು ಸಾವಿನ ಮನೆಯತ್ತ ಹೊರಡುತ್ತಿದ್ದರು. ಮನೆಮನೆಗಳು ತೋಟದ ನಡುವೆ ಮೈಲಿ ದೂರದಲ್ಲಿದ್ದ, ದೂರವಾಣಿಯಿಲ್ಲದ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿವಾಹಕ ಇರಲಿಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಮೊದಲ ಕದಿರು ಕೊಯ್ಯುವ ಗಳಿಗೆಗೂ ಗುಂಡು ಹಾರಲೇಬೇಕು. ಸೆಪ್ಟೆಂಬರ್ 3ರ ಹೊತ್ತಿಗೆ ಬರುವ ಕೈಲ್ ಪೊಳ್ದ್ ಅಂತೂ ಆಯುಧಗಳದೇ ಹಬ್ಬ. ನಾಟಿ ಕೆಲಸ ಮುಗಿದ ಮೇಲೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತಿಕ್ಕಿ ತೊಳೆದು, ಮನೆತನದ ಮೂಲಮನೆಯಾದ ಐನ್‌ಮನೆಯ ದೀಪದ ಮುಂದಿಟ್ಟು, ಗಂಧ ಹಚ್ಚಿ, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಬಯಲುಸೀಮೆಯವರು ಗೌರಿ ಹೂ ಎನ್ನುವ, ಬೆಂಕಿಯ ನಾಲಿಗೆಯಂಥ ಎಸಳಿನ ಹೂವೇ ಅದು. ಪೂಜೆಯಾದ ಮೇಲೆ ಮೊದಲು ಬೇಟೆಗೆ ಹೋಗುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಉತ್ಸಾಹವೆಲ್ಲ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಕ್ಕೆ ತಿರುಗಿತು.

ಆಚರಣೆ ಹಳೆಯದಾದರೂ ವಿನಾಯಿತಿಗೆ ಹುಟ್ಟಿದ ದಿನಾಂಕವುಂಟು. 1834ರಲ್ಲಿ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1837ರಲ್ಲಿ ಅಮರ ಸುಳ್ಯದಿಂದ ಎದ್ದ ಬಂಡಾಯವನ್ನು ಅಡಗಿಸಲು ಕೊಡವ ಮುಖಂಡರಲ್ಲಿ ಹಲವರು ಅವರಿಗೆ ನೆರವಾದರು. 1857ರ ದಂಗೆ ನಡೆದಾಗಲೂ ಕೊಡಗು ಶಾಂತವಾಗಿತ್ತು. ದಂಗೆಯ ಬಳಿಕ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ನಿರಾಯುಧೀಕರಣ ಕಾನೂನು ಜಾರಿಯಾಯಿತು. ಕೊಡವರನ್ನು ಆ ಕಾನೂನಿನಿಂದ ಹೊರಗಿಡುವ ಪ್ರಕಟಣೆಯನ್ನು ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು ಹೊರಡಿಸಿದ. ಕೊಡವರ ನಿಷ್ಠೆಯನ್ನೂ ಕೆಚ್ಚನ್ನೂ ಹೊಗಳಿ, ಸರ್ಕಾರಕ್ಕೆ ಮಾಡಿದ ಸೇವೆಯನ್ನು ನೆನೆದು ಬರೆದ ಪ್ರಕಟಣೆಯದು. ಕಬ್ಬನ್ ಅದೇ ವರ್ಷ ತಾಯ್ನಾಡಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ವಿನಾಯಿತಿಯ ಬೇರು ಹೀಗೆ ಪರಂಪರೆಯಲ್ಲಿ ಎಷ್ಟಿದೆಯೋ ವಸಾಹತುಶಾಹಿಯ ಋಣಸಂದಾಯದಲ್ಲೂ ಅಷ್ಟೇ ಇದೆ. ಅದನ್ನು ಸಮರ್ಥಿಸುವವರು ಮೊದಲನೆಯದನ್ನು ಹೇಳುತ್ತಾರೆ, ಪ್ರಶ್ನಿಸುವವರು ಎರಡನೆಯದನ್ನು. ಎರಡೂ ನಿಜ.

ಜಮ್ಮಾ ಎಂಬ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ಅರಸರ ಕಾಲದಲ್ಲಿ ಸೈನಿಕ ಸೇವೆಯ ಹೊಣೆಗೆ ಪ್ರತಿಯಾಗಿ, ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ ಜಮ್ಮಾ. ಅದನ್ನು ಪಡೆದವರು ಕೊಡವರಷ್ಟೇ ಅಲ್ಲ. ಅರೆಭಾಷೆ ಗೌಡರಂಥ ಇತರ ಸಮುದಾಯಗಳ ಮನೆತನಗಳೂ ಅವರಲ್ಲಿವೆ. ಆದ್ದರಿಂದ ವಿನಾಯಿತಿಗೆ ಎರಡು ಬಾಗಿಲು: ಒಂದು ಹುಟ್ಟಿನದು, ಇನ್ನೊಂದು ನೆಲದ್ದು.

1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಬಂತು. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ಬೇಡ ಎಂಬ ಭೇದ ಸ್ವಾತಂತ್ರ್ಯ ಚಳವಳಿಯ ತೀರ ಹಳೆಯ ದೂರುಗಳಲ್ಲೊಂದಾಯಿತು. 1887ರ ಮದ್ರಾಸ್ ಅಧಿವೇಶನದಲ್ಲೇ ಕಾಂಗ್ರೆಸ್ ಈ ಕಾಯ್ದೆಯನ್ನು ಸಡಿಲಿಸುವಂತೆ ಕೇಳಿತು. 1931ರ ಕರಾಚಿ ಠರಾವಿನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ನಿಯಮಕ್ಕೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಇಂದು ಕಾಂಗ್ರೆಸ್ಸಿಗರಲ್ಲೇ ಇದನ್ನು ನೆನಪಿಟ್ಟವರು ಕಡಿಮೆ. ಸಂವಿಧಾನ ಸಭೆಯಲ್ಲಿ ಆ ಠರಾವನ್ನು ಮತ್ತೆ ನೆನಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. 1948ರ ಡಿಸೆಂಬರ್ ಮೊದಲ ವಾರದಲ್ಲಿ ಸ್ವಾತಂತ್ರ್ಯಗಳ ವಿಧಿಯ ಮೇಲೆ ಚರ್ಚೆ ನಡೆದಾಗ, ಆಯುಧ ಹೊಂದುವ ಹಕ್ಕನ್ನೂ ಸೇರಿಸಬೇಕೆಂದು ಅವರು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿತ್ತು. ಸಂವಿಧಾನದಲ್ಲಿ ಉಳಿದದ್ದು ನಿರಾಯುಧರಾಗಿ ಶಾಂತಿಯಿಂದ ಸಭೆ ಸೇರುವ ಹಕ್ಕು. ಕೊಡಗಿನ ಇಂದಿನ ಹೋರಾಟದ ಕಾನೂನು ಕಷ್ಟವೆಲ್ಲ ಅಂದಿನ ಆ ತೀರ್ಮಾನದಿಂದಲೇ ಬಂದದ್ದು. ಹಕ್ಕು ಇಲ್ಲದ ಕಡೆ ಸರ್ಕಾರದ ಕೃಪೆಯನ್ನೇ ನೆಚ್ಚಿಕೊಳ್ಳಬೇಕು.

1959ರ ಶಸ್ತ್ರಾಸ್ತ್ರ ಕಾಯ್ದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದರ 3ನೇ ಸೆಕ್ಷನ್ ಬಂದೂಕಿಗೆ ಪರವಾನಗಿ ಕಡ್ಡಾಯ ಮಾಡಿದರೆ, 41ನೇ ಸೆಕ್ಷನ್ ಸಾರ್ವಜನಿಕ ಹಿತ ಕಂಡಲ್ಲಿ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಆ ಹೊತ್ತಿಗೆ ಕೊಡಗು ಪ್ರತ್ಯೇಕ ರಾಜ್ಯವಾಗಿ ಉಳಿದಿರಲಿಲ್ಲ, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರಿಹೋಗಿತ್ತು. ವಿಧಾನಸಭೆ ಹೋಯಿತು, ಕೋವಿ ಉಳಿಯಿತು. ಕೊಡವ ಜನಾಂಗದ ಪ್ರತಿ ವ್ಯಕ್ತಿ, ಜಮ್ಮಾ ಹಿಡುವಳಿಯ ಪ್ರತಿ ವ್ಯಕ್ತಿ ಎಂಬ ಹಳೆಯ ಒಕ್ಕಣೆ 41ನೇ ಸೆಕ್ಷನ್‌ನ ಅಧಿಸೂಚನೆಯಲ್ಲೂ ಮುಂದುವರಿಯಿತು. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಒಂದು ರೈಫಲ್, ಒಂದು ಸಾದಾ ನಳಿಗೆಯ ಕೋವಿ ಎಂಬ ಮಿತಿಯಿದೆ. ಕಾಗದದ ಮೇಲೆ ಅವಕಾಶವಿದ್ದರೂ ಬೆಂಗಳೂರಿನ ಸುದ್ದಗುಂಟೆಪಾಳ್ಯದ ಬಾಡಿಗೆ ಮನೆಗೆ ಯಾರೂ ಅಜ್ಜನ ಕೋವಿಯನ್ನು ಹೊತ್ತು ತರುವುದಿಲ್ಲ. ಓನರ್ ಏನೆಂದಾರು ಎಂಬ ಯೋಚನೆಯೊಂದೇ ಸಾಕು. ಅದು ಐನ್‌ಮನೆಯಲ್ಲೇ ಉಳಿದು, ಕೈಲ್ ಪೊಳ್ದ್‌ಗೆ ಊರಿಗೆ ಹೋದವರ ಕೈಗೆ ಸಿಗುತ್ತದೆ.

ಸಂಘಟಿತ ಹೋರಾಟದ ಮುಂಚೂಣಿಯಲ್ಲಿರುವುದು ಎನ್.ಯು. ನಾಚಪ್ಪ ಅವರ ನೇತೃತ್ವದ ಕೊಡವ ನ್ಯಾಷನಲ್ ಕೌನ್ಸಿಲ್. ಸ್ವಾಯತ್ತತೆ, ಭಾಷೆ, ಬುಡಕಟ್ಟು ಮಾನ್ಯತೆಯಂಥ ಅದರ ದೊಡ್ಡ ಬೇಡಿಕೆಗಳ ನಡುವೆ ಕೋವಿಯ ಬೇಡಿಕೆಯೂ ಒಂದು. ವರ್ಷವರ್ಷವೂ ಡಿಸೆಂಬರ್ 18ರಂದು ಅದು ತೋಕ್ ನಮ್ಮೆ, ಎಂದರೆ ಕೋವಿ ಹಬ್ಬ, ನಡೆಸುತ್ತ ಬಂದಿದೆ. ಗಂಡಸರು ಕುಪ್ಯ ಚೇಲೆ ತೊಟ್ಟು, ಹೆಂಗಸರು ಕೊಡವ ಸೀರೆಯುಟ್ಟು ಕೋವಿ ಹೆಗಲಿಗೇರಿಸಿ ಬರುತ್ತಾರೆ. ಪೂಜೆ, ಗುರಿಯಿಡುವ ಪಂದ್ಯ, ಠರಾವು, ಕೊನೆಗೆ ಸರ್ಕಾರಕ್ಕೆ ಮನವಿ. ಹಬ್ಬವೇ ಪ್ರತಿಭಟನೆಯಾಗುವ ಈ ಬಗೆ ಜಾಣತನದ್ದು. ಮೆರವಣಿಗೆಯಲ್ಲಿ ಬಂದೂಕು ಹಿಡಿದರೆ ಬೆದರಿಕೆಯೆನಿಸೀತು, ಹಬ್ಬದಲ್ಲಿ ಹಿಡಿದರೆ ಅದು ಪದ್ಧತಿ. ಸಿಖ್ಖರ ಕೃಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿ ರಕ್ಷಣೆ ಇರುವಂತೆ ಕೊಡವರ ಕೋವಿಗೂ ಧಾರ್ಮಿಕ ಸಂಸ್ಕಾರವೆಂಬ ಮಾನ್ಯತೆ ಬೇಕು ಎನ್ನುವುದು ಕೌನ್ಸಿಲ್‌ನ ಮುಖ್ಯ ವಾದ. ಅಧಿಸೂಚನೆಯನ್ನು ಒಬ್ಬ ಅಧಿಕಾರಿಯ ಸಹಿ ಹಿಂತೆಗೆದುಕೊಳ್ಳಬಹುದು, ಸಂವಿಧಾನದ ಮಾತನ್ನು ಹಾಗೆ ಅಳಿಸಲಾಗದು ಎಂಬ ತಿಳಿವಳಿಕೆ ಇದರ ಹಿಂದಿದೆ. ಕೊಡವ ಸಮಾಜಗಳು ಇಷ್ಟು ದೂರ ಹೋಗದೆ, ಇರುವುದನ್ನು ಇದ್ದ ಹಾಗೇ ಬಿಡಿ ಎಂದು ಕೇಳುತ್ತ ಬಂದಿವೆ.

ಮುಖ್ಯ ಪರೀಕ್ಷೆ ಒದಗಿದ್ದು ನ್ಯಾಯಾಲಯದಲ್ಲಿ. ಹುಟ್ಟು ಮತ್ತು ಭೂಹಿಡುವಳಿಯ ಆಧಾರದ ಮೇಲೆ ಕೆಲವರಿಗಷ್ಟೇ ಕೊಟ್ಟ ಈ ಸವಲತ್ತು ಸಮಾನತೆಗೆ ವಿರುದ್ಧ, ಬ್ರಿಟಿಷರ ಕಾಲದ ಪಳೆಯುಳಿಕೆ ಎಂದು ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟಿಗೆ ಹೋದರು. ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರ್ 29ರಂದು ಹೊರಡಿಸಿದ ಅಧಿಸೂಚನೆ ವಿನಾಯಿತಿಯನ್ನು ಮುಂದುವರಿಸಿತು, ಆದರೆ 2029ರವರೆಗೆ ಎಂಬ ಗಡುವು ಹಾಕಿತು. 2021ರ ಸೆಪ್ಟೆಂಬರ್ 22ರಂದು ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಕೊಡವರು ಯೋಧ ಪರಂಪರೆಯ ಸಮುದಾಯ, ಸ್ವಾತಂತ್ರ್ಯಪೂರ್ವದಿಂದ ಈ ಸವಲತ್ತು ಅನುಭವಿಸುತ್ತಿದ್ದಾರೆ, ಅದು ಷರತ್ತುಗಳಿಗೆ ಒಳಪಟ್ಟಿದೆ, ಅನಿರ್ದಿಷ್ಟ ಕಾಲಕ್ಕೆ ಕೊಟ್ಟದ್ದೂ ಅಲ್ಲ ಎಂಬುದು ಪೀಠದ ತರ್ಕ. ಕೊಡಗಿನಲ್ಲಿ ಇದನ್ನು ಗೆಲುವೆಂದು ಸಂಭ್ರಮಿಸಿದರು. ತರ್ಕದ ಕೊನೆಯ ಎಳೆಯನ್ನು ಗಮನಿಸಿದರೆ ಸಂಭ್ರಮ ಸ್ವಲ್ಪ ಇಳಿಯಬೇಕಿತ್ತು. ತಾತ್ಕಾಲಿಕವೆಂಬುದೂ ಅದು ಊರ್ಜಿತವಾಗಲು ಒಂದು ಕಾರಣವಾಗಿತ್ತು. ವಿನಾಯಿತಿಯ ವಿಚಾರಣೆ ನಡೆದ ಬೆಂಗಳೂರಿನ ಹೈಕೋರ್ಟ್ ಕಟ್ಟಡ ಅಠಾರಾ ಕಚೇರಿಯ ಎದುರಿಗೇ ಕಬ್ಬನ್‌ನ ಪ್ರತಿಮೆ ಬಹುಕಾಲ ನಿಂತಿತ್ತು. ತೀರ್ಪಿನ ಹಿಂದಿನ ವರ್ಷವಷ್ಟೇ ಅದನ್ನು ಅವನ ಹೆಸರಿನದೇ ಪಾರ್ಕಿನೊಳಕ್ಕೆ ಸಾಗಿಸಲಾಯಿತು.

ಇದೇ ಹೊತ್ತಿನಲ್ಲಿ ದೇಶದ ಕಾನೂನೂ ಬಿಗಿಯಾಗುತ್ತಿತ್ತು. 1983ರ ತಿದ್ದುಪಡಿ ಒಬ್ಬರಿಗೆ ಮೂರು ಬಂದೂಕು ಎಂದಿತ್ತು. 2019ರ ತಿದ್ದುಪಡಿ ಮಸೂದೆ ಅದನ್ನು ಒಂದಕ್ಕೆ ಇಳಿಸಲು ಹೊರಟಾಗ ಶೂಟಿಂಗ್ ಕ್ರೀಡಾಪಟುಗಳು, ಹಳೆಯ ಬಂದೂಕುಗಳ ವಾರಸುದಾರರು, ಪಂಜಾಬ್, ರಾಜಸ್ಥಾನದ ಕಡೆಯ ರಾಜಕಾರಣಿಗಳು ದನಿಯೆತ್ತಿದರು. ಸಂಸತ್ತು ಡಿಸೆಂಬರ್‌ನಲ್ಲಿ ಒಪ್ಪಿದ್ದು ಎರಡು ಬಂದೂಕಿನ ಮಿತಿಗೆ. ದೇಶದಲ್ಲಿ ಬಂದೂಕುದಾರರ ಒತ್ತಡಕ್ಕೆ ಕಾನೂನು ಕೊಂಚವಾದರೂ ಬಾಗಿದ ಅಪರೂಪದ ಸಂದರ್ಭ ಇದು. ಸಂಭ್ರಮಕ್ಕೆ ಗುಂಡು ಹಾರಿಸಿ ಪ್ರಾಣಾಪಾಯ ಉಂಟುಮಾಡುವುದಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂಬ ಹೊಸ ಅಪರಾಧವೂ ಅದರಲ್ಲಿ ಸೇರಿತು. ಉತ್ತರ ಭಾರತದ ಮದುವೆ ದಿಬ್ಬಣಗಳನ್ನು ಕಣ್ಣಮುಂದಿಟ್ಟು ಮಾಡಿದ ನಿಯಮವಿದು. ಆದರೂ ಅಂಗಳದಲ್ಲಿ ಆಕಾಶಕ್ಕೆ ಗುಂಡು ಹಾರಿಸುವವರು ಅದನ್ನು ಓದಿಕೊಳ್ಳುವುದು ಒಳ್ಳೆಯದು. ಕೊಡಗಿಗೆ ವಿನಾಯಿತಿ ಇರುವುದು ಪರವಾನಗಿಯಿಂದ ಮಾತ್ರ, ಅಜಾಗರೂಕತೆಯಿಂದಲ್ಲ.

ಮಲೆನಾಡಿನ ಉಳಿದ ಬಂದೂಕುದಾರರ ತಕರಾರು ಬೇರೆ ತೆರನಾದದ್ದು. ಹಾಸನ, ಚಿಕ್ಕಮಗಳೂರು, ದಕ್ಷಿಣ ಕನ್ನಡದ ಕಾಫಿ, ಅಡಿಕೆ ಬೆಳೆಗಾರರು ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದವರು. ಅವರ ಮನೆಯಲ್ಲಿರುವುದು ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ ತೋಟೆ ಕೋವಿ, ಇಲ್ಲವೇ ಮದ್ದು ಜಡಿದು ಸಿಡಿಸುವ ಕೇಪಿನ ಕೋವಿ. ಚುನಾವಣೆ ಘೋಷಣೆಯಾದೊಡನೆ ಇವನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಸೂಚನೆ ಬರುತ್ತದೆ. ಗ್ರಾಮ ಪಂಚಾಯಿತಿಯಿಂದ ಲೋಕಸಭೆಯವರೆಗೆ ಒಂದರ ಹಿಂದೊಂದು ಚುನಾವಣೆ. ಹಂದಿಗೂ ಆನೆಗೂ ಮಂಗಕ್ಕೂ ನೀತಿಸಂಹಿತೆ ಅನ್ವಯಿಸುವುದಿಲ್ಲ. ಚುನಾವಣಾ ಆಯೋಗದ ನಿರ್ದೇಶನದಲ್ಲಿ ಸಾರಾಸಗಟು ಠೇವಣಿಯ ಮಾತಿಲ್ಲ. ಪರಿಶೀಲನಾ ಸಮಿತಿ ಒಬ್ಬೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸಬೇಕು, ಪದ್ಧತಿಯ ಪ್ರಕಾರ ಆಯುಧ ಧರಿಸುವ ಸಮುದಾಯಗಳನ್ನು ಹೊರಗಿಡಬೇಕು ಎಂದಿದೆ. ಸಮಿತಿ ಕೂತು ಕಡತ ಬಿಡಿಸುವುದಕ್ಕಿಂತ ಎಲ್ಲರಿಗೂ ಒಂದೇ ಸುತ್ತೋಲೆ ಕಳಿಸುವುದು ಕಚೇರಿಗೆ ಸುಲಭ. ರೈತರ ಸಿಟ್ಟು ಬಂದೂಕು ಕಾನೂನಿನ ಮೇಲಲ್ಲ, ಈ ಸುಲಭದ ದಾರಿಯ ಮೇಲೆ.

ಹೊರಗಿನ ಹೋಲಿಕೆಗಳು ಸ್ವಲ್ಪ ಮಟ್ಟಿಗಷ್ಟೇ ಉಪಯುಕ್ತ. ಅಮೆರಿಕದಲ್ಲಿ 1791ರ ಎರಡನೇ ತಿದ್ದುಪಡಿಯೇ ಬಂದೂಕಿನ ಹಕ್ಕನ್ನು ಹೇಳುತ್ತದೆ. 1871ರಲ್ಲಿ ಗುರಿಗಾರಿಕೆ ಕಲಿಸಲು ಹುಟ್ಟಿದ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1977ರ ಸಿನ್ಸಿನಾಟಿ ಸಭೆಯಲ್ಲಿ ಸಾಮಾನ್ಯ ಸದಸ್ಯರ ದಂಗೆಯಿಂದಲೇ ಕಟ್ಟಾ ರಾಜಕೀಯ ಸಂಘಟನೆಯಾಯಿತು. ಕೊಡಗಿಗೆ ಹೆಚ್ಚು ಹತ್ತಿರದ್ದು ಕೆನಡಾ. 1995ರ ಕಾನೂನು ಉದ್ದ ನಳಿಗೆಯ ಬಂದೂಕುಗಳನ್ನೆಲ್ಲ ನೋಂದಾಯಿಸಲು ಹೇಳಿದಾಗ ಅಲ್ಲಿನ ಹಳ್ಳಿಗರೂ ರೈತರೂ ವರ್ಷಗಟ್ಟಲೆ ವಿರೋಧಿಸಿ, 2012ರಲ್ಲಿ ಆ ನೋಂದಣಿಯನ್ನು ರದ್ದುಮಾಡಿಸಿದರು.

ವಿನಾಯಿತಿಯೊಳಗಿನ ಬಿರುಕುಗಳನ್ನು ಹೋರಾಟದ ವೇದಿಕೆಯಲ್ಲಿ ಅಷ್ಟಾಗಿ ಮಾತಾಡುವುದಿಲ್ಲ. ಜಮ್ಮಾ ಇಲ್ಲದ ಯರವ, ಕುರುಬ ಕಾರ್ಮಿಕರು ಅದೇ ತೋಟದ ಲೈನ್‌ಮನೆಗಳಲ್ಲಿದ್ದು, ಆನೆ ಬಂದಾಗ ಎಲ್ಲರಿಗಿಂತ ಮೊದಲು ಎದುರಾಗುವವರು. ಅವರಿಗೆ ಕೋವಿಯೂ ಇಲ್ಲ, ವಿನಾಯಿತಿಯೂ ಇಲ್ಲ. ಕೊಡಗಿನ ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯರ ಹೆಸರು ಹೇಳಿ ವಿನಾಯಿತಿಯನ್ನು ಸಮರ್ಥಿಸುವುದು ಭಾಷಣಕ್ಕೆ ಸೊಗಸು. ಆದರೆ ಆ ಇಬ್ಬರೂ ಹಿಡಿದದ್ದು ಸೇನೆಯ ಬಂದೂಕು, ಅದಕ್ಕೆ ಯಾವ ವಿನಾಯಿತಿಯೂ ಬೇಕಿರಲಿಲ್ಲ. ಇದಕ್ಕಿಂತ ಗಟ್ಟಿ ವಾದ ಐನ್‌ಮನೆಯೊಳಗಿದೆ. ಅಲ್ಲಿ ಕೋವಿ ಒಬ್ಬನ ಸೊತ್ತಲ್ಲ, ಒಕ್ಕದ್ದು, ಎಂದರೆ ಇಡೀ ಮನೆತನದ್ದು. ಅದನ್ನು ಹಿರಿಯರು ಕಾಯುತ್ತಾರೆ, ಅದರ ಲೆಕ್ಕ ಇಡೀ ಒಕ್ಕಕ್ಕೆ ಗೊತ್ತಿರುತ್ತದೆ. ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರ ಮಾತ್ರ ಒಬ್ಬೊಬ್ಬರ ಹೆಸರಿನಲ್ಲಿರುತ್ತದೆ. ಒಕ್ಕದವರು ಚದುರಿ ಬೆಂಗಳೂರು ಸೇರುತ್ತಿದ್ದಂತೆ ಪತ್ರದಲ್ಲಿರುವ ಹೆಸರು ಒಂದೂರಿನಲ್ಲಿ, ಕೋವಿ ಇನ್ನೊಂದೂರಿನಲ್ಲಿ ಆಗುತ್ತಿದೆ. ಈಗಿನ ಅಧಿಸೂಚನೆಯ ಅವಧಿ 2029ಕ್ಕೆ ಮುಗಿದಾಗ ಸರ್ಕಾರ ಮೊದಲು ಕೇಳಬಹುದಾದದ್ದು ಆ ಪತ್ರಗಳನ್ನೇ.