ಬಕೆಟ್, ಬಾಟಲಿ, ಪಾರ್ಸೆಲ್ ಡಬ್ಬಿ ಸಾಕು: ಅಕ್ವೇರಿಯಂ ಗಿಡಗಳನ್ನು ಮನೆಯಲ್ಲೇ ಬೆಳೆಸುವುದು ಹೇಗೆ?

ಮುಂಬೈನ ಕ್ರಾಫರ್ಡ್ ಮಾರ್ಕೆಟ್ ಇರಲಿ, ಚೆನ್ನೈನ ಕೊಳತ್ತೂರು ಇರಲಿ, ಅಂಗಡಿಯಿಂದ ತಂದ ಒಂದು ಹಿಡಿ ಅಕ್ವೇರಿಯಂ ಗಿಡ ಹದಿನೈದು ದಿನಗಳಲ್ಲಿ ಕರಗಿ ಹೋಗುವುದು ಮೀನು ಸಾಕುವವರಿಗೆ ಹೊಸದೇನಲ್ಲ. ಮತ್ತೆ ಅಂಗಡಿ, ಮತ್ತೆ ಖರ್ಚು. ಆದರೆ ಇವುಗಳಲ್ಲಿ ಹೆಚ್ಚಿನ ಗಿಡಗಳಿಗೆ ಬೀಜ ಬೇಕಿಲ್ಲ. ಒಂದು ತುಂಡು ಕಾಂಡ ಅಥವಾ ಒಂದು ಮರಿಗಿಡ ಇದ್ದರೆ ಸಾಕು, ಬಾಲ್ಕನಿಯ ಮೂಲೆಯಲ್ಲಿರುವ ಹಳೆಯ ಬಕೆಟ್‌ನಲ್ಲೂ ಬೆಳೆಸಬಹುದು. ಆದರೆ ಎರಡು ವಿಷಯಗಳಲ್ಲಿ ಎಚ್ಚರ ತಪ್ಪುವಂತಿಲ್ಲ: ಒಂದು ಸೊಳ್ಳೆ, ಇನ್ನೊಂದು ಊರ ಕೆರೆ.

ಯಾವ ಗಿಡ ಸುಲಭ?

ಹೊಸದಾಗಿ ಆರಂಭಿಸುವವರಿಗೆ ಹೈಗ್ರೋಫಿಲಾ, ಬಕೋಪಾ, ರೋಟಾಲಾ ರೋಟಂಡಿಫೋಲಿಯಾ, ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಜಾವಾ ಫರ್ನ್, ಜಾವಾ ಮಾಸ್ ಮತ್ತು ಅನೂಬಿಯಸ್ ಸೂಕ್ತ. ಇವು ಕಡಿಮೆ ಬೆಳಕನ್ನೂ ಸಣ್ಣಪುಟ್ಟ ತಪ್ಪುಗಳನ್ನೂ ತಡೆದುಕೊಳ್ಳುತ್ತವೆ. ಪ್ರತ್ಯೇಕವಾಗಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕಾಗುವುದಿಲ್ಲ.

ಇವುಗಳಲ್ಲಿ ಕೆಲವು ನಮ್ಮ ನೆಲದವೇ. ಬಕೋಪಾ ಮೊನ್ನಿಯೇರಿ ಎಂದರೆ ಆಯುರ್ವೇದದ ನೀರುಬ್ರಾಹ್ಮಿ. ತಂಬುಳಿಗೆ ಬಳಸುವ ಒಂದೆಲಗ ಬೇರೆ ಗಿಡ. ಜಗತ್ತಿನ ಅಕ್ವೇರಿಯಂ ಪ್ರಿಯರು ಮೆಚ್ಚುವ ಕೆಂಪು ಎಲೆಯ ರೋಟಾಲಾ ಮ್ಯಾಕ್ರಾಂಡ್ರಾ ಭಾರತದ್ದೇ ಗಿಡ. ಆದರೆ ಕಾಡಿನ ಹಳ್ಳಗಳಿಂದ ಕಿತ್ತು ತರುವುದು ಸರಿಯಲ್ಲ. ನರ್ಸರಿಯಲ್ಲಿ ಬೆಳೆದದ್ದನ್ನೇ ಕೊಳ್ಳಬೇಕು. ಹಾಗೆಯೇ, ಅಕ್ವೇರಿಯಂ ಅಂಗಡಿಯ ಗಿಡಗಳಿಗೆ ಕೀಟನಾಶಕ ಸಿಂಪಡಿಸಿರುವ ಸಾಧ್ಯತೆ ಇರುವುದರಿಂದ ಅವುಗಳನ್ನು ಅಡುಗೆಗೆ ಬಳಸಬಾರದು.

ಪಾತ್ರೆ, ಮಣ್ಣು, ನೀರು

10ರಿಂದ 20 ಲೀಟರ್ ಹಿಡಿಯುವ ಬಕೆಟ್ ಅಥವಾ ಪ್ಲಾಸ್ಟಿಕ್ ಟಬ್ ಒಳ್ಳೆಯದು. ಮೀನು ಮಾರುವವರ ಬಳಿ ಸಿಗುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ನೀರು ಬೇಗ ಕಾಯುವುದಿಲ್ಲ; ದೆಹಲಿ, ಹೈದರಾಬಾದ್‌ನ ಬೇಸಿಗೆಗೆ ಇದು ಅನುಕೂಲ. ಗಾಜಿನ ಬಾಟಲಿಯಲ್ಲಿ ಮಾಸ್ ಮತ್ತು ಕಾಂಡದ ತುಂಡುಗಳು ಬರುತ್ತವೆ. ಪೇಂಟ್, ಫಿನೈಲ್, ಡಿಟರ್ಜೆಂಟ್ ಇದ್ದ ಡಬ್ಬಗಳು ಬೇಡ.

ತಳಕ್ಕೆ 2 ಸೆಂಟಿಮೀಟರ್ ಜರಡಿ ಹಿಡಿದ ತೋಟದ ಮಣ್ಣು, ಅದರ ಮೇಲೆ 3 ಸೆಂಟಿಮೀಟರ್ ತೊಳೆದ ಮರಳು ಹಾಕಬೇಕು. ಸಮುದ್ರದ ಮರಳಿನಲ್ಲಿ ಉಪ್ಪಿರುವುದರಿಂದ ಅದು ಬೇಡ. ಹಸಿ ಸಗಣಿ, ಯೂರಿಯಾ ಹಾಕಿದರೆ ನೀರಿನಲ್ಲಿ ಅಮೋನಿಯಾ ಏರಿ ಪಾಚಿ ಆವರಿಸುತ್ತದೆ. ಕಲ್ಲು ಇಡುವ ಮೊದಲು ಅದರ ಮೇಲೆ ಎರಡು ಹನಿ ವಿನೆಗರ್ ಬಿಟ್ಟು ನೋಡಬೇಕು. ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶ ಇದೆ, ನೀರನ್ನು ಗಡಸು ಮಾಡುತ್ತದೆ ಎಂದರ್ಥ.

ನಲ್ಲಿ ನೀರನ್ನು ತೆರೆದ ಪಾತ್ರೆಯಲ್ಲಿ 24 ಗಂಟೆ ಇಟ್ಟರೆ ಕ್ಲೋರಿನ್ ಆರಿಹೋಗುತ್ತದೆ. ಕ್ಲೋರಮೈನ್ ಬಳಸಿದ ನೀರಾದರೆ ಹಾಗೆ ಹೋಗುವುದಿಲ್ಲ, ಅಂಗಡಿಯಲ್ಲಿ ಸಿಗುವ ಡಿಕ್ಲೋರಿನೇಟರ್ ಹನಿ ಬೇಕು. ಬರೀ ಆರ್‌ಒ ನೀರಿನಲ್ಲಿ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಅದಕ್ಕೆ ನಲ್ಲಿ ನೀರು ಬೆರೆಸಬೇಕು. ಗಡಸು ಬೋರ್‌ವೆಲ್ ನೀರು ಬರುವ ಮನೆಗಳಿಗೆ ವ್ಯಾಲಿಸ್ನೇರಿಯಾ ಹೇಳಿ ಮಾಡಿಸಿದ ಗಿಡ. ಅದು ನೀರಿನಲ್ಲಿರುವ ಬೈಕಾರ್ಬೊನೇಟ್‌ನಿಂದಲೂ ಇಂಗಾಲ ಪಡೆಯಬಲ್ಲದು.

ಬೆಳಗಿನ ಎರಡು–ಮೂರು ಗಂಟೆಯ ಬಿಸಿಲು ಸಾಕು. ಮಧ್ಯಾಹ್ನದ ಬಿಸಿಲಿಗೆ ಚಿಕ್ಕ ಪಾತ್ರೆಯ ನೀರು ಸುಡುವಷ್ಟು ಕಾಯುತ್ತದೆ. ಬಿಸಿಲು ಬಾರದ ಫ್ಲ್ಯಾಟ್‌ನಲ್ಲಿ 9ರಿಂದ 12 ವ್ಯಾಟ್‌ನ ಬಿಳಿ ಎಲ್‌ಇಡಿ ಬಲ್ಬನ್ನು ದಿನಕ್ಕೆ 8 ಗಂಟೆ ಉರಿಸಬಹುದು. ಹೆಚ್ಚು ಹೊತ್ತು ಉರಿಸಿದರೆ ಲಾಭವಾಗುವುದು ಪಾಚಿಗೆ.

ಒಂದರಿಂದ ಹತ್ತು: ಗಿಡಕ್ಕೆ ತಕ್ಕ ವಿಧಾನ

* ಕಾಂಡದ ಗಿಡಗಳು (ಹೈಗ್ರೋಫಿಲಾ, ಬಕೋಪಾ, ರೋಟಾಲಾ): ತುದಿಯಿಂದ 10–15 ಸೆಂಟಿಮೀಟರ್ ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಕತ್ತರಿಯಿಂದ ಕತ್ತರಿಸಬೇಕು. ಕೆಳಗಿನ ಎಲೆಗಳನ್ನು ತೆಗೆದು, ಎರಡು ಗೆಣ್ಣು ಮರಳಿನೊಳಗೆ ಹೋಗುವಂತೆ ಒಂದೊಂದನ್ನೇ ಬಿಡಿಬಿಡಿಯಾಗಿ ನೆಡಬೇಕು. ಒಂದೆರಡು ವಾರದಲ್ಲಿ ಬೇರು ಬರುತ್ತದೆ. ಉಳಿದ ಬುಡದಲ್ಲೂ ಹೊಸ ಕವಲು ಒಡೆಯುತ್ತದೆ, ಅದನ್ನು ಎಸೆಯಬೇಕಿಲ್ಲ.

* ಹಂಬು ಬಿಡುವ ಗಿಡಗಳು (ವ್ಯಾಲಿಸ್ನೇರಿಯಾ, ಕ್ರಿಪ್ಟೋಕೊರೈನ್): ತಾಯಿಗಿಡ ಪಕ್ಕಕ್ಕೆ ಹಂಬು ಕಳಿಸಿ ಮರಿ ಹಾಕುತ್ತದೆ. ಮರಿಗೆ ನಾಲ್ಕೈದು ಎಲೆ ಮತ್ತು ಸ್ವಂತ ಬೇರು ಬಂದ ಮೇಲಷ್ಟೇ ಹಂಬನ್ನು ಕತ್ತರಿಸಬೇಕು. ನೆಡುವಾಗ ಬೇರು ಮತ್ತು ಎಲೆ ಸೇರುವ ಜಾಗ ಹೂತುಹೋಗದಂತೆ ನೋಡಿಕೊಳ್ಳಬೇಕು.

* ಗಡ್ಡೆಯಂಥ ಕಾಂಡದ ಗಿಡಗಳು (ಅನೂಬಿಯಸ್, ಜಾವಾ ಫರ್ನ್): ಅಡ್ಡಕ್ಕೆ ಬೆಳೆಯುವ ದಪ್ಪ ಕಾಂಡವನ್ನು ಪ್ರತಿ ತುಂಡಿನಲ್ಲೂ ಮೂರ್ನಾಲ್ಕು ಎಲೆ ಇರುವಂತೆ ಕತ್ತರಿಸಿ, ಕಲ್ಲಿಗೋ ಕೊರಡಿಗೋ ಹೊಲಿಗೆ ದಾರದಿಂದ ಕಟ್ಟಬೇಕು. ಈ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಅನೂಬಿಯಸ್ ಸಾಯಲು ಬಹುಪಾಲು ಇದೇ ಕಾರಣ. ಜಾವಾ ಫರ್ನ್‌ನ ಹಳೆಯ ಎಲೆಗಳ ಮೇಲೆ ಕಪ್ಪು ಚುಕ್ಕೆ, ಪುಟ್ಟ ಮರಿಗಳು ಕಂಡರೆ ಅದು ರೋಗವಲ್ಲ, ಸಂತಾನ.

* ಮಾಸ್: ಕತ್ತರಿಯಿಂದ ಸಣ್ಣಗೆ ಹೆಚ್ಚಿ ಕಲ್ಲಿನ ಮೇಲೆ ತೆಳುವಾಗಿ ಹರಡಿ ದಾರ ಸುತ್ತಿದರೆ ಆಯಿತು.

ಪಾರ್ಸೆಲ್ ಡಬ್ಬಿಯ ಉಪಾಯ

ನರ್ಸರಿಗಳಲ್ಲಿ ಹೆಚ್ಚಿನ ಅಕ್ವೇರಿಯಂ ಗಿಡಗಳು ಬೆಳೆಯುವುದು ನೀರಿನೊಳಗಲ್ಲ, ತೇವದ ಗಾಳಿಯಲ್ಲಿ. ಕಾರ್ಬನ್ ಡೈಆಕ್ಸೈಡ್ ನೀರಿಗಿಂತ ಗಾಳಿಯಲ್ಲಿ ಸುಮಾರು 10,000 ಪಟ್ಟು ವೇಗವಾಗಿ ಹರಡುವುದರಿಂದ ಅಲ್ಲಿ ಬೆಳವಣಿಗೆ ಚುರುಕು. ನೀರಿನ ಪಾಚಿಯ ಕಾಟವೂ ಕಡಿಮೆ.

ಇದನ್ನು ಮನೆಯಲ್ಲಿ ಮಾಡಲು ಮುಚ್ಚಳವಿರುವ ಪಾರದರ್ಶಕ ಪಾರ್ಸೆಲ್ ಡಬ್ಬಿ ಸಾಕು. ತಳದಲ್ಲಿ 3–4 ಸೆಂಟಿಮೀಟರ್ ಮಣ್ಣು ಹಾಕಿ, ಕೆಸರಿನಂತೆ ಒದ್ದೆ ಮಾಡಿ, ಮೇಲೆ ನೀರು ನಿಲ್ಲದಂತೆ ನೋಡಿಕೊಂಡು ತುಂಡುಗಳನ್ನು ನೆಟ್ಟು ಮುಚ್ಚಬೇಕು. ದಿನಕ್ಕೊಮ್ಮೆ ಐದು ನಿಮಿಷ ಮುಚ್ಚಳ ತೆರೆದು ಗಾಳಿ ಆಡಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ನೇರ ಬಿಸಿಲಿಗೆ ಇಟ್ಟರೆ ಮುಚ್ಚಿದ ಡಬ್ಬಿಯೊಳಗೆ ಗಿಡ ಬೆಂದೇ ಹೋಗುತ್ತದೆ. ಹಾರ್ನ್‌ವರ್ಟ್, ವ್ಯಾಲಿಸ್ನೇರಿಯಾದಂಥ ಅಪ್ಪಟ ನೀರೊಳಗಿನ ಗಿಡಗಳಿಗೆ ಈ ವಿಧಾನ ಆಗದು.

ಅಂಗಡಿಯ ಗಿಡ ಕರಗುವುದರ ಗುಟ್ಟೂ ಇಲ್ಲೇ ಇದೆ. ಗಾಳಿಯಲ್ಲಿ ಬೆಳೆದ ಎಲೆ ನೀರಿನೊಳಗೆ ಬಾಳುವುದಿಲ್ಲ. ಹಳೆಯ ಎಲೆ ಉದುರಿ, ನೀರಿಗೆ ಹೊಂದುವ ಹೊಸ ಎಲೆ ಬರಲು ಎರಡರಿಂದ ನಾಲ್ಕು ವಾರ ಬೇಕು. ಕಾಂಡ, ಬೇರು ಗಟ್ಟಿಯಾಗಿದ್ದರೆ ಗಿಡ ಬದುಕಿದೆ ಎಂದೇ ಲೆಕ್ಕ; ಕೊಳೆತ ಎಲೆಗಳನ್ನಷ್ಟೇ ತೆಗೆದು ಕಾಯಬೇಕು.

ಸೊಳ್ಳೆ: ವಾರದ ಲೆಕ್ಕ ತಪ್ಪಬಾರದು

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಮನೆಯೊಳಗಿನ, ಬಾಲ್ಕನಿಯ ನಿಂತ ನೀರೇ ಇಷ್ಟ. ಮೊಟ್ಟೆ ಸೊಳ್ಳೆಯಾಗಲು ಬೇಸಿಗೆ–ಮಳೆಗಾಲದ ಉಷ್ಣತೆಯಲ್ಲಿ ಸುಮಾರು 7ರಿಂದ 10 ದಿನ ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ಕೊಡುವ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮೀಣ ಪ್ರದೇಶದಲ್ಲಿ 200 ರೂಪಾಯಿ ದಂಡ ನಿಗದಿ ಮಾಡಿತು. ದಂಡಕ್ಕಿಂತ ದೊಡ್ಡದು ಮನೆಯ ಮಕ್ಕಳ, ಹಿರಿಯರ ಜೀವ.

ಆದ್ದರಿಂದ ಪ್ರತಿ ಪಾತ್ರೆಗೂ ಸಣ್ಣ ಕಣ್ಣಿನ ಸೊಳ್ಳೆಪರದೆ ಬಟ್ಟೆಯನ್ನು ಬಿಗಿಯಾಗಿ ಕಟ್ಟಬೇಕು. ವಾರಕ್ಕೊಮ್ಮೆ ನೀರು ಬದಲಿಸಿ, ನೀರಿನ ಗೆರೆಯ ಬಳಿ ಪಾತ್ರೆಯ ಒಳಬದಿಯನ್ನು ಬ್ರಷ್‌ನಿಂದ ಉಜ್ಜಬೇಕು. ಏಕೆಂದರೆ ಗೋಡೆಗೆ ಅಂಟಿದ ಈಡಿಸ್ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರಬಲ್ಲವು. ದೊಡ್ಡ ಟಬ್‌ನಲ್ಲಿ ಒಂದೆರಡು ಗಪ್ಪಿ ಮೀನು ಬಿಟ್ಟರೆ ಮರಿಹುಳುಗಳನ್ನು ತಿನ್ನುತ್ತವೆ. ಇಷ್ಟು ಮಾಡಲು ಬಿಡುವಿಲ್ಲದವರಿಗೆ, ಆಗಾಗ ಊರಿಗೆ ಹೋಗುವವರಿಗೆ ಮುಚ್ಚಿದ ಪಾರ್ಸೆಲ್ ಡಬ್ಬಿಯೇ ಸುರಕ್ಷಿತ.

ಹೆಚ್ಚಾದ ಗಿಡ ಕೆರೆಗೆ ಬೇಡ

ಚೆನ್ನಾಗಿ ಬೆಳೆದರೆ ಮುಂದಿನ ಪ್ರಶ್ನೆ, ಮಿಕ್ಕಿದ್ದನ್ನು ಏನು ಮಾಡುವುದು? ಕೆರೆ, ನಾಲೆ, ಚರಂಡಿಗೆ ಎಸೆಯುವುದು ದೊಡ್ಡ ತಪ್ಪು. ದಕ್ಷಿಣ ಅಮೆರಿಕ ಮೂಲದ ಕಬೊಂಬಾ ಫರ್ಕಾಟಾ ಅಕ್ವೇರಿಯಂಗೆಂದು ಬಂದು ಕೇರಳದ ಜಲಮೂಲಗಳನ್ನು ಸೇರಿತು. 2020ರ ನವೆಂಬರ್‌ನಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ಅದರ ಗುಲಾಬಿ ಹೂಗಳನ್ನು ನೋಡಲು ಜನ ಮುಗಿಬಿದ್ದರು. ನೋಡಲು ಚೆಂದ, ಆದರೆ ಅದು ಸ್ಥಳೀಯ ಜಲಸಸ್ಯಗಳ ಜಾಗ ಕಬಳಿಸುವ ಕಳೆ. ಬ್ರೆಜಿಲ್ ಮೂಲದ ಸಾಲ್ವಿನಿಯಾ ಮೊಲೆಸ್ಟಾದ್ದೂ ಇಂಥದೇ ಕಥೆ. ಕೇರಳದ ಗದ್ದೆ, ಕಾಲುವೆಗಳನ್ನು ಮುಚ್ಚಿದ ಈ ಕಳೆಯನ್ನು ಹತೋಟಿಗೆ ತರಲು ಆಸ್ಟ್ರೇಲಿಯಾದಿಂದ ಒಂದು ಬಗೆಯ ಸೊಂಡಿಲು ಕೀಟವನ್ನೇ ತರಿಸಬೇಕಾಯಿತು. 1980ರ ದಶಕದಲ್ಲಿ ಅದರ ಪ್ರಯೋಗ ನಡೆದದ್ದು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ.

ನಮ್ಮ ಗಿಡಗಳೂ ಬೇರೆಡೆ ಕಳೆಯಾಗಿವೆ. ಭಾರತ ಮೂಲದ ಹೈಗ್ರೋಫಿಲಾ ಪಾಲಿಸ್ಪರ್ಮಾ ಅಮೆರಿಕದ ಫ್ಲಾರಿಡಾದ ಕಾಲುವೆಗಳಲ್ಲಿ ಹಬ್ಬಿ ತಲೆನೋವಾಗಿದೆ. ಒಂದು ತುಂಡಿನಿಂದ ಹತ್ತು ಗಿಡ ಮಾಡಿಕೊಳ್ಳುವ ಗುಣ ಬಕೆಟ್‌ನಲ್ಲಿ ವರ, ಕೆರೆಯಲ್ಲಿ ಶಾಪ.

ಮಿಕ್ಕ ಗಿಡವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಹೂಕುಂಡದ ಗೊಬ್ಬರಕ್ಕೆ ಸೇರಿಸಬೇಕು, ಇಲ್ಲವೇ ಮೀನು ಸಾಕುವ ಗೆಳೆಯರಿಗೆ ಕೊಡಬೇಕು. ಗಪ್ಪಿ ಮೀನನ್ನೂ ಕೆರೆಗೆ ಬಿಡಬಾರದು. ಪಾತ್ರೆ ತೊಳೆದ ನೀರನ್ನು ಹೂಕುಂಡಗಳಿಗೆ ಹಾಕಿದರೆ, ಅದರಲ್ಲಿ ಉಳಿದ ಸಣ್ಣ ತುಂಡುಗಳೂ ಮಣ್ಣಿನಲ್ಲೇ ಒಣಗಿ ಹೋಗುತ್ತವೆ.

ನೆನಪಿಡಬೇಕಾದ್ದು

* ಹೊಸ ಗಿಡವನ್ನು ಮೀನಿನ ತೊಟ್ಟಿಗೆ ನೇರ ಹಾಕದೆ ಎರಡು ವಾರ ಬೇರೆ ಬಕೆಟ್‌ನಲ್ಲಿಟ್ಟು ನೀರು ಬದಲಿಸುತ್ತಿರಬೇಕು. ಬಸವನಹುಳು, ಕೀಟನಾಶಕ ಎರಡರ ಅಪಾಯವೂ ತಗ್ಗುತ್ತದೆ. ಸಿಗಡಿ ಸಾಕುವವರಿಗೆ ಇದು ಕಡ್ಡಾಯ.
* ಹೊಸ ಎಲೆ ಹಳದಿಯಾದರೆ ಕಬ್ಬಿಣದ ಕೊರತೆ, ಹಳೆಯ ಎಲೆ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು.
* ಪಾಚಿ ಹೆಚ್ಚಿದರೆ ಗೊಬ್ಬರ ಹಾಕುವ ಬದಲು ಬೆಳಕಿನ ಹೊತ್ತು ಕಡಿಮೆ ಮಾಡಬೇಕು.
* ಒಂದೇ ಬಾರಿಗೆ ಎಲ್ಲ ಗಿಡ ಕತ್ತರಿಸದೆ, ಅರ್ಧವನ್ನು ತಾಯಿಗಿಡವಾಗಿ ಉಳಿಸಿಕೊಳ್ಳಬೇಕು.