ಕ್ಲಚ್ ಇಲ್ಲದ ಕಾರು ಮತ್ತು ಬೆಂಕಿಪುರದ ಬುದ್ಧಿ

ನಮ್ಮ ಆಫೀಸಿನಲ್ಲಿ ಈಚೆಗೆ ಕಾರು ತಗೊಂಡವರೆಲ್ಲ ಹೆಚ್ಚುಕಮ್ಮಿ ಆಟೋಮ್ಯಾಟಿಕ್ಕೇ ತಗೊಂಡಿದ್ದಾರೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎಡಗಾಲು ನೋಯಿಸಿಕೊಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಅಂಥವರ ನಡುವೆ ಕೂತು "ನಮ್ಮ ಮಾವ ಆಟೋಮ್ಯಾಟಿಕ್ ಕಾರನ್ನ ಬಿಚ್ಚಿಸಿ ಗೇರಿನ ಕಾರು ಮಾಡಿಸಿದ್ರು" ಅಂದರೆ ಏನಾಗಬೇಡ? ಸ್ಮಾರ್ಟ್‌ಫೋನ್ ಕೊಟ್ಟು ಲ್ಯಾಂಡ್‌ಲೈನ್ ತಂದವರನ್ನು ನೋಡಿದ ಹಾಗೆ ನೋಡಿದರು.

ನಡೆದದ್ದು ಇಷ್ಟು. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಮಾವ ಬೆಂಗಳೂರಿನಿಂದ ಒಂದು ದೊಡ್ಡ ಜಪಾನಿ ಸೆಡಾನ್ ತಂದರು. ಸೆಕೆಂಡ್ ಹ್ಯಾಂಡ್, ಆಟೋಮ್ಯಾಟಿಕ್. ಎರಡು ವರ್ಷ ರಾಜಠೀವಿಯಲ್ಲಿ ಓಡಿತು. ಉಡುಪಿಯಲ್ಲಿ ಮದುವೆ ಮುಗಿಸಿ ಬರುವಾಗ ಆಗುಂಬೆ ಘಾಟಿಯ ತಿರುವಿನಲ್ಲಿ ಇಂಜಿನ್ ಕೂಗುತ್ತಿದೆ, ಕಾರು ಮಾತ್ರ ಮುಂದಕ್ಕೆ ಹೋಗ್ತಿಲ್ಲ. ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟುಹೋಗಿದ್ದವು. ಹೊಸ ಗೇರ್‌ಬಾಕ್ಸಿಗೆ ಕೇಳಿದ ದುಡ್ಡು ಕಾರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ. ಕಾರು ಕೊಟ್ಟಿಗೆಯ ಪಕ್ಕ ನಿಂತು ಕೋಳಿಗಳಿಗೆ ಮನೆಯಾಯಿತು.

ಕೊನೆಗೆ ಯಾರೋ ಭದ್ರಾವತಿಯ ಒಬ್ಬ ಮೇಸ್ತ್ರಿಯನ್ನು ಕರೆತಂದರು. ಅವರ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೇಸ್ತ್ರಿ ಬಾನೆಟ್ ಎತ್ತಿ, ಕೆಳಗೆ ಮಲಗಿ ನೋಡಿ, ಎದ್ದು ಕೈ ಒರೆಸಿಕೊಂಡು ಹೇಳಿದ್ದು: "ಇಂಜಿನ್ ಚಿನ್ನದಂಗಿದೆ ಸಾರ್. ಈ ಗೇರ್‌ಬಾಕ್ಸ್ ರಿಪೇರಿ ಮಾಡೋರು ಇಲ್ಲಿಲ್ಲ, ಅಷ್ಟೇ. ನಮಗೆ ಬರೋದನ್ನ ಹಾಕ್ಕೊಳ್ಳೋಣ."

ಈ ಮಾತಿಗೆ ನಮ್ಮ ಕಡೆ ನೂರು ವರ್ಷದ ಇತಿಹಾಸವಿದೆ ಅಂತ ನನಗೆ ಆಮೇಲೆ ಹೊಳೆಯಿತು.

ಮೊದಲು ಆಟೋಮ್ಯಾಟಿಕ್ಕಿನ ಕಥೆ ನೋಡೋಣ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ 1940ರ ಮಾಡೆಲ್ ಕಾರುಗಳಲ್ಲಿ 'ಹೈಡ್ರಾಮ್ಯಾಟಿಕ್' ಅನ್ನೋ ಗೇರ್‌ಬಾಕ್ಸ್ ಕೊಟ್ಟಿತು. ನಾಲ್ಕು ಗೇರು, ಕ್ಲಚ್ ಪೆಡಲ್ ಇಲ್ಲ. ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಉಪಾಯ. ಯುದ್ಧ ಬಂದಾಗ ಇದೇ ಗೇರ್‌ಬಾಕ್ಸ್ ಅಮೆರಿಕದ ಹಗುರ ಟ್ಯಾಂಕುಗಳಲ್ಲೂ ಕೂತಿತು. ಯುದ್ಧ ಮುಗಿದ ಮೇಲೆ ಅಲ್ಲಿನ ದೊಡ್ಡ ಕಾರುಗಳಿಗೆಲ್ಲ ಆಟೋಮ್ಯಾಟಿಕ್ ಅನ್ನೋದು ಅಂತಸ್ತಿನ ಗುರುತಾಯಿತು.

ಆ ದೊಡ್ಡ ಕಾರುಗಳು ನಮ್ಮಲ್ಲಿಗೂ ಬಂದವು. ಜನರಲ್ ಮೋಟರ್ಸ್ 1928ರಿಂದಲೇ ಬೊಂಬಾಯಿಯಲ್ಲಿ ಷವರ್ಲೆ ಜೋಡಿಸುತ್ತಿತ್ತು. ಪ್ರೀಮಿಯರ್ ಕಂಪನಿ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್ ಜೋಡಿಸಲು ಶುರುಮಾಡಿತು. 1950ರ ದಶಕದಲ್ಲಿ ಸರ್ಕಾರ ಬರೀ ಜೋಡಣೆ ಸಾಕು, ಇಲ್ಲೇ ತಯಾರಿಸಿ ಅಂದಾಗ ಜನರಲ್ ಮೋಟರ್ಸ್ ಬಾಗಿಲು ಹಾಕಿತು. ಬಿಡಿಭಾಗಗಳ ಆಮದು ಬಿಗಿಯಾಯಿತು. ಆದರೆ ರಸ್ತೆಯ ಮೇಲಿದ್ದ ಕಾರುಗಳು ಎಲ್ಲಿಗೆ ಹೋಗಬೇಕು? ನಮ್ಮ ಮೇಸ್ತ್ರಿಗಳು ಒಂದರ ಹೊಟ್ಟೆಗೆ ಇನ್ನೊಂದರ ಕರುಳು ಹಾಕಿ ಓಡಿಸಿದರು. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದರು, ಇದ್ದ ಗೇರ್‌ಬಾಕ್ಸ್ ತೆಗೆದು ಸಿಕ್ಕಿದ್ದನ್ನು ಕೂರಿಸಿದರು. ಮೂಲ ಕಂಪನಿ ಕೈಬಿಟ್ಟ ಮೇಲೂ ಆ ಕಾರುಗಳು ಎಷ್ಟೋ ವರ್ಷ ಓಡಿದವು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ವೆಂಡರ್ ಸಪೋರ್ಟ್ ನಿಂತ ಮೇಲೂ ಸಿಸ್ಟಮ್ ಬದುಕಿತ್ತು.

ಈಗ ಭದ್ರಾವತಿಗೆ ಬರೋಣ. ಈ ಊರಿನ ಹಳೆಯ ಹೆಸರು ಬೆಂಕಿಪುರ. 1918ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟಾಗ ಒಂದು ದೊಡ್ಡ ತೊಡಕಿತ್ತು. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಸುಣ್ಣದಕಲ್ಲು ಹತ್ತಿರದಲ್ಲೇ ಇತ್ತು, ನೀರಿಗೆ ಭದ್ರಾ ಹೊಳೆ ಇತ್ತು. ಆದರೆ ಕಬ್ಬಿಣ ಕರಗಿಸಲು ಬೇಕಾದ ಕಲ್ಲಿದ್ದಲು ಇಡೀ ಸಂಸ್ಥಾನದಲ್ಲೇ ಇರಲಿಲ್ಲ. ಟಾಟಾದವರ ಜಮ್‌ಶೆಡ್‌ಪುರದ ಮಾದರಿಯನ್ನು ಹಾಗೇ ಕಾಪಿ ಹೊಡೆದಿದ್ದರೆ ದೂರದ ಬಿಹಾರ, ಬಂಗಾಳದಿಂದ ಕಲ್ಲಿದ್ದಲು ತರಿಸಿಯೇ ದಿವಾಳಿಯಾಗಬೇಕಿತ್ತು. ಹಾಗಾಗಿ ಮಲೆನಾಡಿನ ಕಾಡಿನ ಸೌದೆಯನ್ನು ಇದ್ದಿಲು ಮಾಡಿ ಅದರಲ್ಲೇ ಕಬ್ಬಿಣ ಕರಗಿಸುವ ದಾರಿ ಹಿಡಿದರು. ಸೌದೆ ಬೇಯಿಸುವಾಗ ಬರುವ ಹೊಗೆಯನ್ನೂ ಬಿಡದೆ ಅದರಿಂದ ಟಾರು, ಸ್ಪಿರಿಟ್ಟು ತೆಗೆದರು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ಕಾರ್ಖಾನೆಯ ಅಧ್ಯಕ್ಷರಾಗಿ ಬಂದು, ನಷ್ಟದಲ್ಲಿ ಕುಂಟುತ್ತಿದ್ದದ್ದನ್ನು 1929ರ ತನಕ ನಿಂತು ಸರಿಮಾಡಿದರು.

ಇದಕ್ಕೆ ಕಾಡು ತೆತ್ತ ಬೆಲೆಯನ್ನೂ ಹೇಳಲೇಬೇಕು. ಆ ಕುಲುಮೆಯ ಹೊಟ್ಟೆಗೆ ಹೋದದ್ದು ನಮ್ಮ ಮಲೆನಾಡಿನ ಮರಗಳೇ. ಆಮೇಲೆ ಜೋಗದಿಂದ ಕರೆಂಟು ಹರಿದು ಬಂದಾಗ ಕಾರ್ಖಾನೆ ಮತ್ತೊಮ್ಮೆ ಬದಲಾಯಿತು. 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದವು. 1960ರ ದಶಕದಿಂದ ಮಿಶ್ರಲೋಹದ ವಿಶೇಷ ಉಕ್ಕಿನ ಕಡೆ ಹೊರಳಿತು. ಗೇರು, ಆಕ್ಸೆಲ್ಲುಗಳಿಗೆ ಬೇಕಾಗುವುದು ಇಂಥ ಉಕ್ಕೇ.

ಇದ್ದಿಲಿನ ಇನ್ನೊಂದು ಉಪಯೋಗ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿದರೆ ಸಿಗಬಹುದು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಒಂದು ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಗ್ಯಾಸಿನಿಂದ ಇಂಜಿನ್ ಓಡಿಸುತ್ತಿದ್ದರು. ಹೊರಡುವ ಮುಂಚೆ ಕ್ಲೀನರ್ ಕುಲುಮೆಯ ತಿದಿ ತಿರುಗಿಸಬೇಕು, ಏರು ಬಂದರೆ ಪ್ಯಾಸೆಂಜರ್ ಇಳಿದು ತಳ್ಳಬೇಕು. ಶಕ್ತಿ ಕಡಿಮೆ, ಮಸಿ ಜಾಸ್ತಿ. ಆದರೂ ಬಸ್ಸು ಊರು ಮುಟ್ಟುತ್ತಿತ್ತು.

ಮಾವನ ಕಾರಿನ ಕೆಲಸಕ್ಕೆ ನಾನೂ ರಜೆ ಹಾಕಿ ಹೋದೆ. ಪುಣ್ಯಕ್ಕೆ ಅದೇ ಮಾಡೆಲ್ಲಿನಲ್ಲಿ ಗೇರಿನ ಕಾರೂ ಬರುತ್ತಿತ್ತು. ಬೆಂಗಳೂರಿನ ಗುಜರಿಯಲ್ಲಿ ಅದರ ಗೇರ್‌ಬಾಕ್ಸು, ಫ್ಲೈವೀಲು, ಆಕ್ಸೆಲ್ಲು, ಪೆಡಲ್ ಸೆಟ್ಟು ಎಲ್ಲ ಸಿಕ್ಕವು. ಆಟೋಮ್ಯಾಟಿಕ್ಕಿನಲ್ಲಿ ಇಂಜಿನ್ನಿನ ತುದಿಗೆ ತೆಳ್ಳಗಿನ ತಟ್ಟೆ, ಅದಕ್ಕೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತೆ. ಅದೆಲ್ಲ ತೆಗೆದು ಭಾರದ ಫ್ಲೈವೀಲ್ ಕೂರಿಸಬೇಕು. ಅದರ ಬೋಲ್ಟಿನ ಉದ್ದವೇ ಬೇರೆ. ಹಳೆಯದನ್ನೇ ಬಿಗಿದರೆ ಕೆಲಸ ಕೆಟ್ಟಿತು. ಆಮೇಲೆ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಕ್ಲಚ್ಚಿನ ಎಣ್ಣೆ ಪೈಪು. ಮ್ಯಾಟ್ ಎತ್ತಿ ನೋಡಿದರೆ ಕ್ಲಚ್ ಪೆಡಲಿಗೆ ಬೇಕಾದ ತೂತುಗಳನ್ನು ಕಂಪನಿಯವರೇ ಕೊರೆದು ರಬ್ಬರ್ ಬಿರಡೆ ಹಾಕಿದ್ದರು!

ಹಳೆಯ ಗೇರ್‌ಬಾಕ್ಸಿನ ಹಲ್ಲುಗಳನ್ನು ಬೆರಳಲ್ಲಿ ಸವರುತ್ತಾ ಮೇಸ್ತ್ರಿ ಹೇಳಿದರು: "ಹಲಸಿನ ಹಣ್ಣಿನ ಥರ ಇದು. ಮೇಲೆ ಗಟ್ಟಿ, ಒಳಗೆ ಮೆತ್ತಗೆ. ಪೂರ್ತಿ ಗಟ್ಟಿ ಆದ್ರೆ ಮುರಿಯುತ್ತೆ, ಪೂರ್ತಿ ಮೆತ್ತಗಾದ್ರೆ ಸವೆಯುತ್ತೆ." ಗೇರಿನ ಹೊರಮೈಗೆ ಇಂಗಾಲ ಉಣಿಸಿ ಗಡುಸು ಮಾಡುವ ಪಾಠವನ್ನು ನಾನು ಬಿಇಯಲ್ಲಿ ಓದಿದ್ದೆ. ಹಿಂದೆ ಉಕ್ಕನ್ನು ಇದ್ದಿಲಿನಲ್ಲಿ ಹೂತು ಕಾಯಿಸಿ ಇದನ್ನು ಮಾಡುತ್ತಿದ್ದರು. ಪರೀಕ್ಷೆ ಬರೆದು ಮರೆತಿದ್ದೆ. ಇವರು ಅಪ್ಪನ ಬಾಯಿಂದ ಕೇಳಿ ನೆನಪಿಟ್ಟುಕೊಂಡಿದ್ದರು.

ಎಲ್ಲ ಜೋಡಿಸಿ ಚಾವಿ ತಿರುಗಿಸಿದರೆ ಸದ್ದೇ ಇಲ್ಲ. ಲಿವರ್ 'ಪಾರ್ಕ್' ಇಲ್ಲವೇ 'ನ್ಯೂಟ್ರಲ್'ನಲ್ಲಿದೆ ಅಂತ ಖಾತ್ರಿಯಾಗುವ ತನಕ ಕಾರಿನ ಕಂಪ್ಯೂಟರ್ ಸ್ಟಾರ್ಟ್ ಮಾಡಲು ಬಿಡುವುದಿಲ್ಲ. ಲಿವರ್ರೇ ಇಲ್ಲವಲ್ಲ! ಆಗ ಮಾತ್ರ ನಾನು ಕೆಲಸಕ್ಕೆ ಬಂದೆ. ವೈರಿಂಗ್ ನಕ್ಷೆ ಹುಡುಕಿ ಆ ತಂತಿಯನ್ನು ಕ್ಲಚ್ ಪೆಡಲಿನ ಸ್ವಿಚ್ಚಿಗೆ ಜೋಡಿಸಿದೆವು. ಕ್ಲಚ್ ಒತ್ತಿ ಚಾವಿ ತಿರುಗಿಸಿದರು. ಕೋಳಿಗಳು ಹಾರಿಹೋದವು.

ಒಂದು ಎಚ್ಚರ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ಸ್ಪ್ಯಾನರ್ ಹಿಡಿಯೋ ಮುಂಚೆ ಆರ್‌ಟಿಓ, ಇನ್ಶೂರೆನ್ಸ್ ಎರಡೂ ಕಡೆ ಕೇಳಿಕೊಳ್ಳಿ. ಮತ್ತೆ, ಕಾಲು ನೋವಿದ್ದವರಿಗೆ ಆಟೋಮ್ಯಾಟಿಕ್ಕೇ ಸರಿ. ನನ್ನದೂ ಈಗ ಅದೇ.

ಟ್ರಯಲ್‌ಗೆ ಅಂತ ಕಾರ್ಖಾನೆಯ ಗೇಟಿನ ತನಕ ಹೋದೆವು. 2023ರ ಜನವರಿಯಲ್ಲಿ, ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, ಇದನ್ನು ಮುಚ್ಚುವ ತೀರ್ಮಾನದ ಸುದ್ದಿ ಬಂದಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತಿದ್ದರು. ಕಲ್ಲಿದ್ದಲಿಲ್ಲ ಅಂದಾಗ ಇದ್ದಿಲಿಗೆ, ಇದ್ದಿಲು ಸಾಕು ಅಂದಾಗ ಕರೆಂಟಿಗೆ, ಅದಾದ ಮೇಲೆ ವಿಶೇಷ ಉಕ್ಕಿಗೆ ಹೊರಳಿದ್ದ ಕಾರ್ಖಾನೆಗೆ ಈಗ ಯಾವ ಗೇರು ಹಾಕೋದು ಅಂತ ಯಾರಿಗೂ ತಿಳಿಯುತ್ತಿಲ್ಲವೇ?

ಮೇಸ್ತ್ರಿ ಗೇಟಿನ ಕಡೆ ಸ್ವಲ್ಪ ಹೊತ್ತು ನೋಡಿದರು. ಅವರ ಮಗ ಬೆಂಗಳೂರಿನಲ್ಲಿ, ನನ್ನ ಥರದ್ದೇ ಕೆಲಸದಲ್ಲಿದ್ದಾನೆ. ಈ ವಿದ್ಯೆ ಅವನಿಗೆ ಬರುವುದಿಲ್ಲ. "ನಿಲ್ಸಿ ಬಿಟ್ರೆ ಯಾವ ಗಾಡಿನೂ ಕೆಡುತ್ತೆ ಸಾರ್" ಅಂದು, ಕ್ಲಚ್ ಒತ್ತಿ ಮೊದಲನೇ ಗೇರಿಗೆ ಹಾಕಿದರು.