ವಿದೇಶದ ನೌಕರಿ, ಮಕ್ಕಳ ಶಾಲೆ: ತ್ಯಾಗರಾಜನಗರದ ಸುತ್ತಿನ ಒಂದು ಚರಿತ್ರೆ

ಬೆಂಗಳೂರಿನ ತ್ಯಾಗರಾಜನಗರ, ಎನ್.ಆರ್. ಕಾಲೊನಿ, ಬಸವನಗುಡಿ, ಜಯನಗರ ಒಂದಕ್ಕೊಂದು ತಾಗಿಕೊಂಡಿರುವ ಬಡಾವಣೆಗಳು. ಮಗುವನ್ನು ಯಾವ ಶಾಲೆಗೆ ಸೇರಿಸುವುದು ಎಂಬ ಪ್ರಶ್ನೆ ಇಲ್ಲಿ ಬಹುಕಾಲ ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ. 1917ರಲ್ಲಿ ಶುರುವಾದ ನ್ಯಾಷನಲ್ ಹೈಸ್ಕೂಲು, 1935ರ ಆಚಾರ್ಯ ಪಾಠಶಾಲೆ ಹತ್ತಿರದಲ್ಲೇ ಇದ್ದವು. ಮುಂದೆ ಓದುವವರಿಗೆ 1945ರಿಂದ ನ್ಯಾಷನಲ್ ಕಾಲೇಜು, ಮರುವರ್ಷದಿಂದ ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು. ಒಂದನೇ ತರಗತಿಯಿಂದ ಎಂಜಿನಿಯರಿಂಗ್‌ವರೆಗೂ ಮನೆಯ ಊಟ ಉಂಡುಕೊಂಡೇ ಓದು ಮುಗಿಸಬಹುದಿತ್ತು. ಹಾಗೆ ಓದಿದವರೇ ಮುಂದೆ ಹೊರದೇಶಕ್ಕೆ ಹೋದರು. ಅವರ ಮಕ್ಕಳಿಗೆ ಮಾತ್ರ ಆ ಸಲೀಸಾದ ದಾರಿ ಸಿಗಲಿಲ್ಲ.

1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ತಿದ್ದಿ, ಮೂಲ ದೇಶವನ್ನು ನೋಡಿ ಪಾಲು ಹಂಚುವ ಹಳೆಯ ಪದ್ಧತಿಯನ್ನು ಕೈಬಿಟ್ಟಿತು. ವೈದ್ಯರು, ಎಂಜಿನಿಯರುಗಳು ಸಂಸಾರ ಸಮೇತ ಹೋಗುವುದು ಅಲ್ಲಿಂದಾಚೆಗೆ ಹೆಚ್ಚಾಯಿತು. ಅಮೆರಿಕದಲ್ಲಿ ಶಾಲೆ ಹುಡುಕುವುದೆಂದರೆ ಮನೆ ಹುಡುಕುವುದು. ಮನೆ ಯಾವ ಶಾಲಾ ಜಿಲ್ಲೆಗೆ ಸೇರಿದೆಯೋ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಫೀಸಿಲ್ಲದೆ ಜಾಗ ಸಿಗುತ್ತದೆ. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಮಗುವಿನ ಜನನ ಪತ್ರ, ಹಾಕಿಸಿದ ಲಸಿಕೆಗಳ ಪಟ್ಟಿ ತೋರಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಡೊನೇಷನ್ನು, ಸಂದರ್ಶನ ನೋಡಿ ಬಂದ ಬೆಂಗಳೂರಿನವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಒಳ್ಳೆಯ ಶಾಲೆಯಿರುವ ಕಡೆ ಬಾಡಿಗೆಯೂ ಹೆಚ್ಚು. ಫೀಸಿನಲ್ಲಿ ಉಳಿಸಿದ ಹಣ ಬಾಡಿಗೆಗೆ ಹೋಗುತ್ತಿತ್ತು.

ಮಗುವನ್ನು ಅಜ್ಜಿ ತಾತನ ಬಳಿ ಬಿಟ್ಟು ಹೋಗುವುದು ಇನ್ನೊಂದು ದಾರಿ. ಒಂದೆರಡು ವರ್ಷದ ಕೆಲಸಕ್ಕೆ ಹೋಗುವಾಗ, ಎಸ್ಸೆಸ್ಸೆಲ್ಸಿ ಹತ್ತಿರವಾದಾಗ, ಮನೆಯಲ್ಲಿ ಹಿರಿಯರು ಗಟ್ಟಿಮುಟ್ಟಾಗಿದ್ದಾಗ ಇದನ್ನು ಆಯ್ದುಕೊಳ್ಳುತ್ತಿದ್ದರು. ಆ ಅನುಕೂಲ ಇಲ್ಲದವರಿಗೆ ವಸತಿ ಶಾಲೆ. ಮೈಸೂರಿನಲ್ಲಿ 1953ರಲ್ಲಿ ಆರಂಭವಾದ ರಾಮಕೃಷ್ಣ ವಿದ್ಯಾಶಾಲೆಗೆ ಗಂಡುಮಕ್ಕಳನ್ನು ಸೇರಿಸಲು ಪೈಪೋಟಿಯೇ ಇತ್ತು. ಓದು ಕೆಡಲಿಲ್ಲ ಎಂಬುದು ನಿಜ. ಆದರೆ ಅಪ್ಪ ಅಮ್ಮನ ಜೊತೆ ಕಳೆಯಬೇಕಾದ ವರ್ಷಗಳನ್ನು ಕೊಟ್ಟು ಕೊಂಡುಕೊಂಡ ಓದು ಅದು; ಅದರ ಬೆಲೆ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ.

ಕೊಲ್ಲಿ ದೇಶಗಳ ಕಥೆ ಬೇರೆ. ಅಲ್ಲಿನ ಸರ್ಕಾರಿ ಶಾಲೆಗಳ ಪಾಠ ಅರಬ್ಬಿಯಲ್ಲಿ. ಹಾಗಾಗಿ ಭಾರತೀಯರು ತಮ್ಮ ಶಾಲೆಗಳನ್ನು ತಾವೇ ಕಟ್ಟಿಕೊಂಡರು: 1950ರಲ್ಲಿ ಬಹರೈನಿನಲ್ಲಿ, 1961ರಲ್ಲಿ ದುಬೈಯಲ್ಲಿ, 1975ರಲ್ಲಿ ಮಸ್ಕತ್ತಿನಲ್ಲಿ. ಈ ಬಗೆಯ ಶಾಲೆಗಳಲ್ಲಿ ಸಿಬಿಎಸ್‌ಇ ಪಠ್ಯಕ್ರಮ ನೆಲೆಯೂರಿತು. ಮಸ್ಕತ್ತಿನಲ್ಲಿ ಓದಿದ ಪುಸ್ತಕವನ್ನೇ ಬೆಂಗಳೂರಿನ ಸಿಬಿಎಸ್‌ಇ ಶಾಲೆಯಲ್ಲಿ ಮುಂದುವರಿಸಬಹುದು ಎಂಬುದು ತಂದೆತಾಯಿಗೆ ಬಹಳ ಧೈರ್ಯ ಕೊಡುತ್ತಿತ್ತು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದಾಗ 1,70,000ಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ವಾಪಸು ಕರೆತರಲಾಯಿತು. ಅಂಥ ಹೊತ್ತಿನಲ್ಲಿ, ನಡುವರ್ಷದಲ್ಲಿ ಬಂದಿಳಿದ ಮಗುವಿಗೆ ಪಠ್ಯ ಒಂದೇ ಆಗಿರುವುದು ಸಣ್ಣ ಉಪಕಾರವಲ್ಲ.

ಇತ್ತ ಈ ಬಡಾವಣೆಗಳ ಚಹರೆಯನ್ನೇ ಬದಲಿಸಿದ್ದು ಸಾಫ್ಟ್‌ವೇರ್. ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದು ಜಯನಗರದಲ್ಲಿ ಕಚೇರಿ ತೆರೆಯಿತು. ಅಮೆರಿಕದ 1990ರ ವಲಸೆ ಕಾನೂನು ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾವನ್ನು ತಂದಿತು. ಅದರ ಅವಧಿ ಮೂರು ವರ್ಷ, ಮತ್ತೆ ಮೂರು ವರ್ಷ. ಆರು ವರ್ಷವೆಂದರೆ ಎಲ್‌ಕೆಜಿಗೆ ಸೇರಬೇಕಿದ್ದ ಮಗು ಮಾಧ್ಯಮಿಕ ಶಾಲೆಯ ಬಾಗಿಲಿಗೆ ಬಂದಿರುತ್ತದೆ. ಕಾಯಂ ವಾಸದ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುವವರ ವೀಸಾ ಆಮೇಲೂ ಮುಂದುವರಿಯಬಹುದು. ಆದರೆ ತಂದೆ ಅಥವಾ ತಾಯಿಯ ವೀಸಾದ ನೆರಳಿನಲ್ಲಿರುವ ಮಗುವಿನ ಎಚ್-4, 21 ತುಂಬಿದ ದಿನ ಮುಗಿಯುತ್ತದೆ. ಒಂದನೇ ತರಗತಿಯಿಂದ ಅಲ್ಲೇ ಬೆಳೆದವರೂ ಆಗ ವಿದೇಶಿ ವಿದ್ಯಾರ್ಥಿಯ ವೀಸಾದಂಥ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು.

ಯಾವಾಗ ವಾಪಸಾಗಬೇಕು ಎಂಬುದನ್ನು ಅನೇಕ ಮನೆಗಳಲ್ಲಿ ಸಿಇಟಿ ತೀರ್ಮಾನಿಸಿತು. 1994ರಲ್ಲಿ ಆರಂಭವಾದ ಈ ಪ್ರವೇಶ ಪರೀಕ್ಷೆಯ ಮೂಲಕ ಸರ್ಕಾರಿ ಕೋಟಾದ ಸೀಟು ಪಡೆಯಲು, ಮುಖ್ಯ ನಿಯಮದ ಪ್ರಕಾರ, ಅಭ್ಯರ್ಥಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಆರಂಭದಿಂದಲೂ ಹೊರಗೆ ಓದಿದ ಮಗು ಆರನೇ ತರಗತಿಗೆ ಇಲ್ಲಿಗೆ ಬಂದರೆ ಪಿಯುಸಿ ಮುಗಿಯುವಾಗ ಆ ಏಳು ವರ್ಷ ಸರಿಯಾಗಿ ತುಂಬುತ್ತದೆ. ತಂದೆ ಅಥವಾ ತಾಯಿ ಏಳು ವರ್ಷ ಈ ರಾಜ್ಯದಲ್ಲಿ ಓದಿದ್ದರೆ, ಮಗು ಎರಡೂ ವರ್ಷದ ಪಿಯುಸಿಯನ್ನು ಇಲ್ಲಿ ಓದಿ ಪಾಸಾದರೂ ಸಾಕು ಎಂಬ ಇನ್ನೊಂದು ನಿಯಮವಿದೆ. ನ್ಯಾಷನಲ್ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ನೆರವಾಗುವುದು ಇದೇ. ಬಂದ ಮೇಲೆ ಕಾಗದಪತ್ರದ ಓಡಾಟ: ವಿದೇಶಿ ಶಾಲೆಯ ಟಿ.ಸಿ.ಗೆ ದೃಢೀಕರಣ, ವಿದೇಶಿ ಮಂಡಳಿಯ ಪ್ರಮಾಣಪತ್ರಕ್ಕೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಸಮಾನತೆ ಪತ್ರ.

ಇಷ್ಟೆಲ್ಲ ಲೆಕ್ಕದಲ್ಲಿ ಹಿಂದೆ ಬಿದ್ದದ್ದು ಕನ್ನಡ. ಮಾತು ಮನೆಯಲ್ಲಿ ಉಳಿಯಿತು, ಓದುಬರಹ ಹೋಯಿತು. ವಾಪಸಾದ ಮಕ್ಕಳಿಗೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಹಿಂದಿಯನ್ನೋ ಸಂಸ್ಕೃತವನ್ನೋ ತೆಗೆದುಕೊಂಡು ಕನ್ನಡವನ್ನು ತಪ್ಪಿಸಿಕೊಳ್ಳುವ ಅವಕಾಶವಿತ್ತು. ತವರಿನಲ್ಲೇ ಹೀಗಾದದ್ದು ಬೇಸರದ ಸಂಗತಿ. ಹೊರದೇಶದಲ್ಲೇ ಉಳಿದ ಕನ್ನಡಿಗರು ಹೆಚ್ಚು ಶ್ರಮಪಟ್ಟರು. 1973ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ, 1977ರಲ್ಲಿ ಬಹರೈನಿನಲ್ಲಿ ಹುಟ್ಟಿದಂಥ ಕನ್ನಡ ಕೂಟಗಳ ನಂತರ ಕ್ರಮೇಣ ವಾರಾಂತ್ಯದ ಕನ್ನಡ ತರಗತಿಗಳು ಬಂದವು. ಕ್ಯಾಲಿಫೋರ್ನಿಯಾದ ಕನ್ನಡ ಅಕಾಡೆಮಿ ಇಂಥ ಮಕ್ಕಳಿಗೆಂದೇ ಪಠ್ಯ ರೂಪಿಸಿತು. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ 2017-18ರಿಂದ ಹಂತಹಂತವಾಗಿ ಜಾರಿಗೆ ಬಂದು, ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕಾಯಿತು.